ಹೇಳುವುದಿಲ್ಲ ಎಂದ ಮೇಲೆ

ನಾಲ್ಕನೇ ತರಗತಿಯ ಒಬ್ಬ ಹುಡುಗಿ ಶಾಲೆಯಲ್ಲಿ ಒಂದು ಮೊಟ್ಟೆ ಕದ್ದು ತಿಂದಳು. ಮನೆಯಲ್ಲಿ ಹೇಳಬೇಡಿ ಎಂದು ನನ್ನನ್ನು ಬೇಡಿಕೊಂಡಳು. ಹೇಳುವುದಿಲ್ಲ ಎಂದೆ. ಆಮೇಲೆ ಹೇಳಿದೆ. ನಡೆದದ್ದು ಇಷ್ಟೇ. ಇಷ್ಟಕ್ಕೆ ಇನ್ನೂ ಕೊರಗುತ್ತೀಯಲ್ಲ ಎಂದು ನಮ್ಮ ಯಜಮಾನರು ನಗುತ್ತಾರೆ. ಅವರು ಬ್ಯಾಂಕಿನಲ್ಲಿದ್ದಾರೆ, ಅವರ ಕೌಂಟರಿಗೆ ಒಂಬತ್ತು ವರ್ಷದವರು ಯಾರೂ ಬರುವುದಿಲ್ಲ.

ನಾನು ಸರ್ಕಾರಿ ಶಾಲೆಯ ಮೇಡಂ. ತವರು ಧರ್ಮಪುರದ ಕಡೆ, ಈಗ ಮನೆ ಹೊಸದುರ್ಗದಲ್ಲಿ. ಬೆಳಿಗ್ಗೆ ಮತ್ತೋಡಿನ ಕಡೆಗೆ ಹೋಗುವ ಬಸ್ಸು ಹತ್ತಿ, ನಡುವೆ ಒಂದು ಕೈಮರದ ಹತ್ತಿರ ಇಳಿದು ಒಂದಷ್ಟು ದೂರ ನಡೆದರೆ ನಮ್ಮ ಶಾಲೆ. ಚಿತ್ರದುರ್ಗದಲ್ಲಿ ಡಿ.ಎಡ್. ಓದುವಾಗ ಮಕ್ಕಳ ಬೆಳವಣಿಗೆಯ ಪೇಪರಿನಲ್ಲಿ ಕಾಲೇಜಿಗೆಲ್ಲ ನನ್ನದೇ ಹೆಚ್ಚು ಅಂಕ. ಭಾನುವಾರ ಗೆಳತಿಯರ ಜೊತೆ ಚಂದ್ರವಳ್ಳಿಗೆ ಹೋಗಿ, ಬಂಡೆಯ ನೆರಳಿನಲ್ಲಿ ಕೂತು, ನೋಟ್ಸನ್ನು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡಿದವಳು ನಾನು. ಆರರಿಂದ ಹನ್ನೊಂದರ ವಯಸ್ಸಿನಲ್ಲಿ ಮೈ ನಿಧಾನವಾಗಿ ಬೆಳೆಯುತ್ತದೆ, ಹಾಲುಹಲ್ಲು ಬಿದ್ದು ಗಟ್ಟಿ ಹಲ್ಲು ಬರುತ್ತವೆ. ಕಣ್ಣಿಗೆ ಕಂಡದ್ದನ್ನು ಹೋಲಿಸಿ, ವಿಂಗಡಿಸಿ, ಕಾರಣ ಹುಡುಕುವ ಬುದ್ಧಿ ಮೂಡುತ್ತದೆ. ಏಟಿಗೆ ಹೆದರಿ ಒಳ್ಳೆಯವರಾಗಿರುವುದು ಬಿಟ್ಟು, ಯಾವುದು ನ್ಯಾಯ ಯಾವುದು ಅನ್ಯಾಯ ಎಂದು ತಾವೇ ಯೋಚಿಸಲು ಶುರುಮಾಡುತ್ತಾರೆ. ಒಂದೊಂದಕ್ಕೂ ಹತ್ತು ಅಂಕ. ಆ ಹುಡುಗಿ ಈ ಮೂರನ್ನೂ ಒಂದೇ ವಾರದಲ್ಲಿ ನನ್ನ ಕಣ್ಣೆದುರಿಗೆ ಮಾಡಿ ತೋರಿಸಿದಳು. ನನಗೆ ಆಗ ಗುರುತು ಸಿಗಲಿಲ್ಲ.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಜೊತೆ ಬೇಯಿಸಿದ ಮೊಟ್ಟೆ ಕೊಡುತ್ತಾರೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಇಲ್ಲವೇ ಶೇಂಗಾ ಚಿಕ್ಕಿ. ವರ್ಷದ ಮೊದಲಿಗೆ ಮನೆ ಮನೆಗೂ ಒಂದು ಹಾಳೆ ಹೋಗುತ್ತದೆ. ಮಗು ಏನು ತಿನ್ನಬಹುದು ಎಂದು ಮನೆಯವರು ಗುರುತು ಹಾಕಿ ಸಹಿ ಮಾಡಿ ಕಳಿಸುತ್ತಾರೆ. ಊರಿನಲ್ಲಿ ಮಠಕ್ಕೆ ನಡೆದುಕೊಳ್ಳುವ ಮನೆಗಳು ಬಹಳ. ಹಾಗಾಗಿ ಊಟದ ಹೊತ್ತಿಗೆ ವರಾಂಡದಲ್ಲಿ ಎರಡು ಸಾಲು. ಗೋಡೆಯ ಕಡೆ ಮೊಟ್ಟೆ ಸಾಲು, ಕಂಬದ ಕಡೆ ಬಾಳೆಹಣ್ಣಿನ ಸಾಲು. ಈ ಮೊಟ್ಟೆಯ ವಿಷಯಕ್ಕೆ ದೊಡ್ಡವರು ಟಿವಿಯಲ್ಲಿ ಕುತ್ತಿಗೆಯ ನರ ಉಬ್ಬಿಸಿಕೊಂಡು ಕೂಗಾಡುತ್ತಿದ್ದ ದಿನಗಳಲ್ಲಿ ನಮ್ಮ ಮಕ್ಕಳು ಎದುರುಬದುರು ಕೂತು, ಒಬ್ಬರ ತಟ್ಟೆ ಒಬ್ಬರು ನೋಡುತ್ತಾ ಆರಾಮವಾಗಿ ಉಣ್ಣುತ್ತಿದ್ದರು. ಮೊಟ್ಟೆ ಎಣಿಸಿಕೊಳ್ಳುವುದು, ಹಂಚುವಾಗ ನಿಂತು ನೋಡುವುದು ನನ್ನ ಪಾಲಿಗೆ ಬಂದ ಕೆಲಸ. ನಮ್ಮದೂ ಮೊಟ್ಟೆ ತಿನ್ನದ ಮನೆಯೇ. ಮೊದಮೊದಲು ವಾಸನೆಗೆ ಸೆರಗು ಮೂಗಿಗೆ ಹೋಗುತ್ತಿತ್ತು, ಆಮೇಲೆ ರೂಢಿಯಾಯಿತು.

ಆ ಹುಡುಗಿ ಕಂಬದ ಕಡೆಯವಳು. ತರಗತಿಗೆಲ್ಲ ಗಿಡ್ಡ. ಪ್ರಾರ್ಥನೆಗೆ ಗಿಡ್ಡವರು ಮುಂದೆ, ಉದ್ದದವರು ಹಿಂದೆ ನಿಲ್ಲುವುದು ವಾಡಿಕೆಯಾದ್ದರಿಂದ ಒಂದನೇ ತರಗತಿಯಿಂದಲೂ ಅವಳು ಸಾಲಿನ ಮೊದಲನೆಯವಳು. ಮುಂದಿನ ಎರಡು ಹಲ್ಲು ಮೊರದಗಲ ಬಂದಿದ್ದವು, ಪಕ್ಕದವು ಇನ್ನೂ ಬಂದಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಬೆಳಗಾದರೆ ಹೊಲಕ್ಕೆ ಹೋಗುವವರು; ಅವಳನ್ನು ಎಬ್ಬಿಸಿ, ಜಡೆ ಹಾಕಿ, ಶಾಲೆಗೆ ಕಳಿಸುವುದು ಅಜ್ಜಿ. ಅಜ್ಜಿ ದಿನಾ ಲಿಂಗಪೂಜೆ ಮಾಡಿಕೊಳ್ಳದೆ ಬಾಯಿಗೆ ನೀರು ಹಾಕುವವರಲ್ಲ. ಮೊಮ್ಮಗಳು ತುಂಬೆ ಹೂವು ಬಿಡಿಸಿ ತಂದು, ತಾಮ್ರದ ಚೊಂಬು ಹಿಡಿದುಕೊಂಡು ಅವರ ಪಕ್ಕದಲ್ಲೇ ಕೂರಬೇಕು. ಪೂಜೆ ಮುಗಿದ ಮೇಲೆ ಅಜ್ಜಿ ಮೂರು ಬೆರಳಿನಿಂದ ಅವಳ ಹಣೆಗೆ ವಿಭೂತಿ ಎಳೆಯುತ್ತಿದ್ದರು. ಮುಂದಿನ ವರ್ಷ ಅಜ್ಜಿ ನನಗೂ ಲಿಂಗ ಕಟ್ಟಿಸುತ್ತಾರೆ, ಆಗ ಪಕ್ಕದಲ್ಲಿ ಕೂತು ನನ್ನ ಪೂಜೆ ನಾನೇ ಮಾಡಿಕೊಳ್ಳುತ್ತೇನೆ ಎಂದು ಅವಳು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದಳೆಂದರೆ ಪಕ್ಕದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ವರ್ಷದಲ್ಲಿ ಎರಡು ಸಲ ಮಕ್ಕಳ ಎತ್ತರ, ತೂಕ ನೋಡಿ ಆರೋಗ್ಯದ ಕಾರ್ಡಿನಲ್ಲಿ ಬರೆಯಬೇಕು. ಆ ಚಳಿಗಾಲದಲ್ಲಿ ಎರಡನೇ ಸಲ ಅಳತೆ ನೋಡಿದಾಗ ಅವಳು ಜೂನ್ ತಿಂಗಳಿಂದ ಒಂದು ಬೆರಳೂ ಬೆಳೆದಿರಲಿಲ್ಲ. ಅವಳ ಗೆಳತಿ, ಗೋಡೆಯ ಸಾಲಿನವಳು, ಎರಡು ಬೆರಳು ಏರಿದ್ದಳು. ಅದೇ ವಾರ ನಾನು ಆಹಾರದ ಪಾಠ ಮಾಡಿದೆ. ಮೊಟ್ಟೆಯಲ್ಲಿ ಪ್ರೋಟೀನ್ ಇದೆ, ಬೆಳೆಯುವ ಮಕ್ಕಳಿಗೆ ಬಹಳ ಒಳ್ಳೆಯದು ಎಂದು ಬೋರ್ಡಿನ ಮೇಲೆ ಬರೆದೆ. ಬೇಳೆ, ಕಾಳು, ಹಾಲಿನಲ್ಲೂ ಇದೆ ಎಂದು ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದದ್ದನ್ನು ನಾಳೆ ಬರೆಸಿದರಾಯಿತು ಎಂದು ಡಸ್ಟರ್ ಎತ್ತಿಕೊಂಡು ಹೊರಟೆ. ಮಾರನೆಯ ದಿನ ಮೊಟ್ಟೆಯ ದಿನ.

ಅವತ್ತು ಒಂದು ಮೊಟ್ಟೆ ಕಡಿಮೆ ಬಿತ್ತು. ಗೋಡೆಯ ಸಾಲಿನ ಕೊನೆಯಲ್ಲಿ ಕೂತಿದ್ದವನ ತಟ್ಟೆ ಖಾಲಿ ಉಳಿಯಿತು, ಅವನು ಅಳಲು ಶುರುಮಾಡಿದ. ಹೆಡ್‌ಮೇಷ್ಟ್ರು ಬಂದರು. ಬೆಳಿಗ್ಗೆ ಎಣಿಸಿ ಕೊಟ್ಟವಳು ನಾನು, ಲೆಕ್ಕ ಸರಿಯಾಗಿಯೇ ಇತ್ತು. ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ತಿನ್ನದವರೂ ಕೈ ಮೂಸಿ ನೋಡಿಕೊಂಡರೇ ಹೊರತು ಯಾರೂ ಬಾಯಿಬಿಡಲಿಲ್ಲ. ಹೆಡ್‌ಮೇಷ್ಟ್ರ ಕಣ್ಣು ಅಡುಗೆಯಕ್ಕನ ಮೇಲೆ ಬಿತ್ತು. ಗಂಡನಿಲ್ಲದ ಹೆಂಗಸು, ನಮ್ಮ ಶಾಲೆಯಲ್ಲಿ ಬಹಳ ವರ್ಷದಿಂದ ಅಡುಗೆ ಮಾಡುತ್ತಿದ್ದವರು. ಮನೆಗೆ ಕಟ್ಟಿಟ್ಟುಕೊಂಡಿರಬೇಕು, ಬ್ಯಾಗು ತೋರಿಸಿ ಎಂದರು. ಅಕ್ಕ ಮಾತಾಡದೆ ಬ್ಯಾಗು ತಂದು, ಮಕ್ಕಳೆದುರಿಗೆ ಬಗ್ಗಿಸಿ ಸುರಿದರು. ಒಂದು ಎಲೆಅಡಿಕೆ ಚೀಲ, ಒಂದು ಹಳೆಯ ಸ್ವೆಟರು, ಬಸ್ಸಿನ ಚೀಟಿಗಳು ಬಿದ್ದವು. ನಾನು ಅಲ್ಲೇ ನಿಂತಿದ್ದೆ. ಬೇಡ ಸಾರ್ ಎನ್ನಬಹುದಿತ್ತು, ಅನ್ನಲಿಲ್ಲ.

ಮಧ್ಯಾಹ್ನದ ಮೊದಲ ಪಿರಿಯಡ್ ಮುಗಿದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು. ಯಾರೂ ಕರೆದಿರಲಿಲ್ಲ, ಯಾರೂ ಅವಳ ಮೇಲೆ ಅನುಮಾನಪಟ್ಟಿರಲೂ ಇಲ್ಲ. ವಿಭೂತಿ ಹಚ್ಚಿಕೊಂಡು ಬರುವ ಹುಡುಗಿಯ ಮೇಲೆ ಮೊಟ್ಟೆಯ ಅನುಮಾನ ಯಾರಿಗೆ ಬರುತ್ತದೆ?

“ಅಕ್ಕ ತಗಂಡಿಲ್ಲ ಮಿಸ್,” ಎಂದಳು. “ನಾನೇ ತಿಂದಿದ್ದು.”

ಅಕ್ಕ ಸಾಂಬಾರಿನ ಪಾತ್ರೆ ತರಲು ಒಳಗೆ ಹೋದಾಗ ಒಂದು ಮೊಟ್ಟೆ ಲಂಗದ ಜೇಬಿಗೆ ಹಾಕಿಕೊಂಡು, ನೀರಿನ ಟ್ಯಾಂಕಿನ ಹಿಂದೆ ಹೋಗಿ ತಿಂದಿದ್ದಳು. ಸಿಪ್ಪೆಯನ್ನು ಮಣ್ಣಿನಲ್ಲಿ ಹೂತಿದ್ದಳು. ಯಾಕೆ ತಿಂದೆ ಎಂದು ಕೇಳಿದೆ. ಪ್ರಾರ್ಥನೆಯ ಸಾಲಿನಲ್ಲಿ ಮುಂದಿನ ಐವರಲ್ಲಿ ನಾಲ್ವರು ಬಾಳೆಹಣ್ಣಿನವರಂತೆ, ಹಿಂದಿನ ಐವರೂ ಮೊಟ್ಟೆಯವರಂತೆ. ಹದಿನೈದು ದಿನ ನೋಡಿ ಲೆಕ್ಕ ಹಾಕಿದ್ದಳು. ಮೊದಲು ಅನುಮಾನವಿತ್ತಂತೆ, ನಾನು ಬೋರ್ಡಿನ ಮೇಲೆ ಬರೆದ ಮೇಲೆ ಖಾತ್ರಿಯಾಯಿತಂತೆ. ಹಳದಿಯ ಭಾಗ ಗಂಟಲಲ್ಲಿ ಸಿಕ್ಕಿಕೊಂಡು ಉಗುಳಿದೆ, ಬಿಳಿಯದನ್ನು ಮಾತ್ರ ನುಂಗಿದೆ ಎಂದಳು. ಅದನ್ನು ಹೇಳುವಾಗ ಅವಳ ಮುಖ ಸ್ವಲ್ಪ ಗೆಲುವಾಯಿತು.

“ಅರ್ಧ ತಿಂದ್ರೆ ಅರ್ಧ ಪಾಪ ಅಲ್ವಾ ಮಿಸ್?”

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಅಕ್ಕನನ್ನು ಬೈಯಬೇಡಿ ಎಂದು ಹೆಡ್‌ಮೇಷ್ಟ್ರಿಗೆ ಹೇಳಬೇಕು, ಅವರು ತನ್ನನ್ನು ಹೊಡೆದರೂ ಪರವಾಗಿಲ್ಲ ಎಂದಳು. ಆಮೇಲೆ ದನಿ ಸಣ್ಣಗಾಯಿತು.

“ನಮ್ಮನೇಲಿ ಮಾತ್ರ ಹೇಳ್ಬ್ಯಾಡ್ರಿ ಮಿಸ್. ಅಜ್ಜಿಗೆ ಗೊತ್ತಾದ್ರೆ ಪೂಜೆಗೆ ಕುಂದ್ರಿಸ್ಕಳಲ್ಲ.”

ಹೇಳುವುದಿಲ್ಲ ಎಂದೆ. ಅವಳು ಹೋಗಲಿಲ್ಲ. ಹೇಳುವುದಿಲ್ಲ ಕಣಮ್ಮ, ಹೋಗು ಎಂದು ಇನ್ನೊಂದು ಸಲ ಹೇಳಿ ತಲೆ ನೇವರಿಸಿದ ಮೇಲೆ ಹೋದಳು.

ಹೆಡ್‌ಮೇಷ್ಟ್ರಿಗೆ ಎಣಿಸುವಾಗ ನನ್ನದೇ ತಪ್ಪಾಗಿತ್ತು ಎಂದು ಸುಳ್ಳು ಹೇಳಿ ನಾನೇ ಬೈಸಿಕೊಂಡೆ. ಅಡುಗೆಯಕ್ಕನ ಹತ್ತಿರ ಹೋಗಿ, ತಪ್ಪು ನನ್ನದು ಎಂದೆ. ಅವರು ಪಾತ್ರೆ ತಿಕ್ಕುತ್ತಲೇ, ಆಯ್ತು ಬಿಡ್ರಿ ಮೇಡಂ, ಹುಡುಗ್ರು ಅಂದ್ಮೇಲೆ ಇರ್ತೈತೆ ಎಂದರು. ನಾನು ಹುಡುಗರ ಮಾತನ್ನೇ ಎತ್ತಿರಲಿಲ್ಲ. ಅವರು ಟ್ಯಾಂಕಿನ ಹಿಂದೆ ಹೋದವಳನ್ನು ನೋಡಿಯೇ ಇದ್ದರು ಎಂದು ಆಗ ಹೊಳೆಯಿತು. ನೋಡಿಯೂ, ಅಷ್ಟು ಮಕ್ಕಳ ಮುಂದೆ ತಮ್ಮ ಬ್ಯಾಗನ್ನು ತಾವೇ ಸುರಿದು ತೋರಿಸಿದ್ದರು. ಆದರೂ ಅವತ್ತು ಬಸ್ಸಿನಲ್ಲಿ ಕೂತಾಗ ನೆನಪಾಗುತ್ತಿದ್ದದ್ದು ಅಕ್ಕನಲ್ಲ, ನಾನೇ. ಒಂದು ಮಗು ತಾನಾಗಿ ಬಂದು ಸತ್ಯ ಹೇಳಬೇಕಾದರೆ ನಾನು ಎಂಥ ಮೇಡಂ ಇರಬೇಕು ಎಂದು ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ಬೀಗಿದೆ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ತವರಿಗೆ ಫೋನು ಮಾಡಿ ನಮ್ಮಮ್ಮನಿಗೂ ಹೇಳಿದೆ. ಹೆಸರು ಹೇಳಿರಲಿಲ್ಲ, ಆದ್ದರಿಂದ ಅದು ಹೇಳಿದ ಲೆಕ್ಕವಲ್ಲ ಎಂದುಕೊಂಡಿದ್ದೆ. ಅರ್ಧ ಪಾಪದ ಲೆಕ್ಕ ಹಾಕಿದವಳನ್ನು ನೋಡಿ ನಕ್ಕ ನಾನು ಮಾಡುತ್ತಿದ್ದದ್ದೂ ಅದನ್ನೇ.

ಎರಡು ವಾರದ ಮೇಲೆ ಒಂದು ಸಂಜೆ ಬಸ್ಸು ತಡವಾಯಿತು. ಆ ಹುಡುಗಿಯ ಮನೆ ಕೈಮರಕ್ಕೆ ಹೋಗುವ ದಾರಿಯಲ್ಲೇ. ಅಜ್ಜಿ ಕಟ್ಟೆಯ ಮೇಲೆ ಕೂತಿದ್ದವರು, ಬರ್ರಿ ಮೇಡಂ, ಕುಂತ್ಕಳ್ರಿ ಎಂದು ಕರೆದು ಮಜ್ಜಿಗೆ ಕೊಟ್ಟರು. ಮಜ್ಜಿಗೆಗೆ ಕರಿಬೇವು, ಹಸಿಶುಂಠಿ ಜಜ್ಜಿ ಹಾಕಿದ್ದರು. ಅದರ ರುಚಿ ನನಗೆ ಇನ್ನೂ ನೆನಪಿರುವುದೇ ಒಂದು ಶಿಕ್ಷೆ. ಹೆಂಗೆ ಓದ್ತಾಳೆ ನಮ್ಮ ಹುಡುಗಿ ಎಂದು ಕೇಳಿದರು. ಓದುತ್ತಾಳೆ ಎಂದರೆ ಸಾಕಾಗಿತ್ತು.

ಓದಿಗಿಂತ ಗುಣ ದೊಡ್ಡದು ಅಜ್ಜಿ ಎಂದು ನಾನು ಭಾಷಣ ಶುರುಮಾಡಿದೆ. ನಿಮ್ಮ ಮೊಮ್ಮಗಳಂಥ ಸತ್ಯವಂತೆಯನ್ನು ನಾನು ಈ ಶಾಲೆಯಲ್ಲಿ ನೋಡಿಲ್ಲ ಎಂದೆ. ಅಜ್ಜಿಯ ಮುಖ ಅರಳಿತು. ಆ ಅರಳಿದ ಮುಖ ನೋಡಿ ನನಗೆ ಇನ್ನಷ್ಟು ಹುಮ್ಮಸ್ಸು ಬಂತು. ಅಡುಗೆಯಕ್ಕನಿಗೆ ಕಳ್ಳತನದ ಮಾತು ಬಂದದ್ದು, ಬ್ಯಾಗು ಸುರಿದದ್ದು, ಯಾರೂ ಕೇಳದೆ ಇವಳು ತಾನಾಗಿ ಬಂದದ್ದು, ಎಲ್ಲ ಹೇಳುತ್ತಾ ಹೋದೆ. “ಮೊಟ್ಟೆ ತಿಂದಿದ್ದನ್ನೂ ಮುಚ್ಚಿಡಲಿಲ್ಲ ನೋಡಿ,” ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಗಿಲಲ್ಲಿ ಆ ಹುಡುಗಿ ನನಗೆಂದು ಕುಡಿಯುವ ನೀರಿನ ಲೋಟ ಹಿಡಿದು ನಿಂತಿದ್ದಳು. ಅವಳು ಅಜ್ಜಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಲೋಟವನ್ನು ಹೊಸಿಲ ಮೇಲೆ ಇಟ್ಟು ಒಳಗೆ ಹೋದಳು.

ಅಜ್ಜಿ ಹೌದಾ ಎಂದರು, ಅಷ್ಟೇ. ಇನ್ನೊಂದು ಲೋಟ ಮಜ್ಜಿಗೆ ಹಾಕಿದರು. ಬೈಯಲಿಲ್ಲ, ಕೂಗಲಿಲ್ಲ. ಹಿರಿಯರು ಅರ್ಥ ಮಾಡಿಕೊಂಡರು ಎಂದುಕೊಂಡು ನಾನು ಬಸ್ಸು ಹತ್ತಿದೆ.

ಮಾರನೆಯ ದಿನ ಪ್ರಾರ್ಥನೆಗೆ ಅವಳು ಬಂದಾಗ ಹಣೆ ಬರಿದಾಗಿತ್ತು. ವಿಭೂತಿಯಿಲ್ಲದ ಅವಳ ಹಣೆಯನ್ನು ನಾನು ನೋಡಿದ್ದು ಅದೇ ಮೊದಲು. ಸಾಲಿನ ಮೊದಲಿನವಳಾದ್ದರಿಂದ ನನ್ನ ಎದುರಿಗೇ ನಿಂತಿದ್ದಳು, ತಪ್ಪಿಸಿಕೊಳ್ಳಲು ಅವಳಿಗೂ ಜಾಗವಿರಲಿಲ್ಲ, ನನಗೂ ಇರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಕರೆದು ವಿಭೂತಿ ಎಲ್ಲಿ ಹೋಯಿತಮ್ಮ ಎಂದು ಕೇಳಿದೆ. ಬೆವರಿಗೆ ಹೋತು ಮಿಸ್ ಎಂದಳು. ಹಲ್ಲು ಕಟಕಟ ಎನ್ನುವ ಚಳಿ, ಅವಳು ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಂಡು ನಿಂತಿದ್ದಳು. ನನಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಕಣ್ಣು ಮಿಟುಕಿಸದೆ ಹೇಳಿದಳು.

ಒಂದು ವಾರ ಹೀಗೇ ಬಂದಳು. ತಡೆಯಲಾರದೆ ಒಂದು ಸಂಜೆ ಅಜ್ಜಿಯ ಹತ್ತಿರ ಹೋದೆ. ಮಗು ತಿಳಿಯದೆ ಮಾಡಿದ್ದು, ನಾನು ಪಾಠದಲ್ಲಿ ಹೇಳಿದ್ದಕ್ಕೇ ಹೀಗಾಯಿತು, ತಪ್ಪು ನನ್ನದು, ಅವಳನ್ನು ಪೂಜೆಗೆ ಕೂರಿಸಿಕೊಳ್ಳಿ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅಜ್ಜಿ ಹೂಬತ್ತಿ ಹೊಸೆಯುತ್ತಾ ಕೇಳಿಸಿಕೊಂಡರು.

“ನಾನು ಮೊಟ್ಟೆಗೆ ಸಿಟ್ಟು ಮಾಡ್ಕಂಡಿಲ್ಲ ಮೇಡಂ. ಹುಡುಗ್ರು ಕಣ್ತಪ್ಪಿಸಿ ಏನೇನೋ ತಿಂತಾವೆ, ಎಲ್ಲಾನೂ ನೋಡಕ್ಕಾಗ್ತೈತಾ? ನನಗೆ ಗೊತ್ತಿಲ್ದಿದ್ರೆ ನಡೀತಿತ್ತು. ಗೊತ್ತಾದ್ಮೇಲೆ ಗೊತ್ತಿಲ್ದಂಗೆ ಇರಕ್ಕೆ ನನ್ ಕೈಲಾಗಲ್ಲ.”

ಬತ್ತಿಯ ಮೇಲೇ ಕಣ್ಣಿಟ್ಟು ಕೇಳಿದರು: “ಹೇಳ್ಬ್ಯಾಡ್ರಿ ಅಂತ ಅಂದಿದ್ಲಂತೆ ನಿಮಗೆ. ಮತ್ಯಾಕೆ ಹೇಳಿದ್ರಿ?”

ಹೊಗಳಲು ಹೋಗಿ ಬಾಯಿತಪ್ಪಿತು ಎನ್ನಬಹುದಿತ್ತು. ಮನೆಯಲ್ಲಿ ಹಾಗೇ ಅಂದುಕೊಂಡು ಹೊರಟಿದ್ದೆ. ಆ ಮುದುಕಿಯ ಎದುರಿಗೆ ಅದು ಬಾಯಿಗೆ ಬರಲಿಲ್ಲ. ಬಾಯಿ ತಪ್ಪಿರಲಿಲ್ಲ. ನಾನು ಎಷ್ಟು ಒಳ್ಳೆಯ ಮೇಡಂ ಎಂದು ಅವರಿಗೆ ತಿಳಿಯಬೇಕಾಗಿತ್ತು. ಮಕ್ಕಳು ನನ್ನನ್ನು ಎಷ್ಟು ನಂಬುತ್ತಾರೆ ಎಂದು ತೋರಿಸಲು ಒಂದು ಮಗುವಿನ ನಂಬಿಕೆಯನ್ನೇ ಎತ್ತಿ ಕೊಟ್ಟಿದ್ದೆ. ಗೊತ್ತಿಲ್ಲ ಅಜ್ಜಿ ಎಂದೆ. ಅವರು ನನಗೆ ಕುಂಕುಮ ಕೊಟ್ಟು ಕಳಿಸಿದರು.

ಶಿವರಾತ್ರಿಯ ಹೊತ್ತಿಗೆ ಅಜ್ಜಿ ಮೊಮ್ಮಗಳನ್ನು ಮಠಕ್ಕೆ ಕರೆದುಕೊಂಡು ಹೋಗಿ ತಪ್ಪುಕಾಣಿಕೆ ಹಾಕಿಸಿ ಬಂದರಂತೆ. ಮಾರನೆಯ ದಿನ ಅವಳ ಹಣೆಯ ಮೇಲೆ ಮೂರು ಗೆರೆ ಇದ್ದವು. ಅವತ್ತು ನಾನು ಪ್ರಾರ್ಥನೆಯ ನಡುವೆಯೇ ಕಣ್ಣೊರೆಸಿಕೊಂಡೆ. ಅವರ ಮನೆಯ ಗಾಯ ಮಾಯಿತು. ಅಜ್ಜಿ ಮೊಮ್ಮಗಳು ಮೊದಲಿನಂತೆ ಆದರು. ಆ ಬೇಸಿಗೆಯಲ್ಲಿ ಅವಳು ಯಾವ ಮೊಟ್ಟೆಯ ಹಂಗೂ ಇಲ್ಲದೆ ಸರಸರ ಬೆಳೆದಳು. ಐದನೇ ತರಗತಿಗೆ ಬಂದಾಗ ಲಂಗದ ಅಂಚು ಬಿಚ್ಚಿ ಇಳಿಸಿದ್ದ ಗೆರೆ ಕಾಣುತ್ತಿತ್ತು, ಪಕ್ಕದ ಹಲ್ಲುಗಳೂ ಬಂದಿದ್ದವು, ಸಾಲಿನಲ್ಲಿ ನಡುವಿಗೆ ಹೋಗಿ ನಿಂತಳು.

ನನ್ನ ಜೊತೆ ಮಾತ್ರ ಅವಳು ಮೊದಲಿನಂತೆ ಆಗಲಿಲ್ಲ. ಹಾಗೆಂದು ಸಿಟ್ಟೂ ತೋರಿಸಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಹೋಂವರ್ಕ್ ತೋರಿಸುತ್ತಾಳೆ, ನಮಸ್ತೆ ಮಿಸ್ ಎನ್ನುತ್ತಾಳೆ. ಒಂದು ದಿನ ಯಾರೂ ಇಲ್ಲದಾಗ ಕೂರಿಸಿಕೊಂಡು, ನಾನು ಮಾಡಿದ್ದು ತಪ್ಪಾಯಿತಮ್ಮ ಎಂದೆ. ಪರವಾಗಿಲ್ಲ ಮಿಸ್ ಎಂದಳು. ದೊಡ್ಡವರು ಹೇಳುವ ಪರವಾಗಿಲ್ಲ ಅದು, ಮಾತು ಮುಗಿಸಲು ಹೇಳುವಂಥದ್ದು. ಹತ್ತು ವರ್ಷದ ಬಾಯಲ್ಲಿ ನಾನು ಅದನ್ನು ಕೇಳಿದ್ದು ಅದೇ ಮೊದಲು.

ಹೋದ ತಿಂಗಳು ಊಟದ ಬಿಡುವಿನಲ್ಲಿ ಮೂರನೇ ತರಗತಿಯ ಒಂದು ಪುಟ್ಟ ಹುಡುಗಿ ನನ್ನ ಹತ್ತಿರ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು. ಮಿಸ್, ನಿಮ್ಮ ಹತ್ರ ಒಂದು ಹೇಳ್ಬೇಕು ಎಂದಳು. ಹೇಳು ಎಂದೆ. ಯಾರಿಗೂ ಹೇಳಬಾರದು ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ, ಎರಡು ಮಾರು ದೂರದಲ್ಲಿ ಕೈ ತೊಳೆಯುತ್ತಿದ್ದ ಆ ಹುಡುಗಿ ಬಂದು ಪುಟ್ಟವಳ ಭುಜ ಹಿಡಿದುಕೊಂಡಳು.

“ಹೇಳ್ಬ್ಯಾಡ ಕಣೇ. ಮಿಸ್ಸು ಹೇಳಲ್ಲ ಅಂತಾರೆ, ಆಮೇಲೆ ಹೇಳ್ತಾರೆ.”

ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಕುಂಟೆಬಿಲ್ಲೆ ಆಡುವಾಗ ಹೊಸಬರಿಗೆ ನಿಯಮ ಹೇಳಿಕೊಡುತ್ತಾರಲ್ಲ, ಅಷ್ಟೇ ಸಹಜವಾಗಿತ್ತು ಅವಳ ದನಿ. ಪುಟ್ಟವಳು ನನ್ನ ಮುಖ ನೋಡಿದಳು. ಇಲ್ಲ, ಅಕ್ಕ ತಮಾಷೆ ಮಾಡುತ್ತಿದ್ದಾಳೆ ಎಂದು ನಕ್ಕುಬಿಡುವುದು ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಅಂದಿದ್ದರೆ ಪುಟ್ಟವಳು ನಂಬುತ್ತಿದ್ದಳು. ಇನ್ನೊಬ್ಬಳು ಸುಳ್ಳುಗಾತಿ ಆಗುತ್ತಿದ್ದಳು.

“ಅಕ್ಕ ಹೇಳಿದ್ದು ನಿಜ,” ಎಂದೆ. “ನಾನು ಹಾಗೆ ಮಾಡಿದ್ದೀನಿ.”

ಆ ಹುಡುಗಿ ವರ್ಷದ ಮೇಲೆ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಪುಟ್ಟವಳ ಕೈ ಹಿಡಿದುಕೊಂಡು ಶಾಲೆಯ ಹಿಂದಕ್ಕೆ ಕರೆದುಕೊಂಡು ಹೋದಳು. ನಾನು ಹಿಂದೆ ಹೋಗಲಿಲ್ಲ. ಸಂಜೆ ಪುಟ್ಟವಳನ್ನು ಕರೆದು ಏನಮ್ಮ ಹೇಳಬೇಕೆಂದಿದ್ದೆ ಎಂದು ಕೇಳಿದೆ. ಏನಿಲ್ಲ ಮಿಸ್ ಎಂದಳು. ಆಮೇಲೂ ಎರಡು ಮೂರು ಸಲ ಕೇಳಿದೆ, ಅವರ ಮನೆಯ ಕಡೆಯೂ ಹೋಗಿ ಬಂದೆ, ಅಲ್ಲಿ ನನಗೆ ಏನೂ ಕಾಣಲಿಲ್ಲ. ಆ ಮಗು ಯಾಕೆ ಅಷ್ಟು ಅತ್ತಿತ್ತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.